ಮಾಡೆಲ್ ರಾಕೆಟ್‌ಗೆ ಮ್ಯಾಟ್ ಬಣ್ಣವೋ, ಸೆಮಿ-ಗ್ಲಾಸೋ?

ಮ್ಯಾಟ್ ಎಂದರೆ ಹೊಳಪಿಲ್ಲದ ಬಣ್ಣ, ಸೆಮಿ-ಗ್ಲಾಸ್ ಎಂದರೆ ಅರೆಹೊಳಪಿನದು. ಮೊದಲು ರಾಕೆಟ್ಟಿನ ಮೈಯಾದ ಕೊಳವೆ ನೋಡಿ. ರಟ್ಟಿನ ಕೊಳವೆಯ ಮೇಲೆ ಸುರುಳಿಯಾಗಿ ಓಡುವ ಸಂದುಗೆರೆ, ಬಾಲ್ಸಾ ಎಂಬ ಹಗುರ ಮರದ ರೆಕ್ಕೆಯ ಎಳೆಗಳು ಸೆಮಿ-ಗ್ಲಾಸ್‌ನಲ್ಲಿ ಎದ್ದು ಕಾಣುತ್ತವೆ. ಸಂದು ಮುಚ್ಚುವ ಫಿಲ್ಲರ್ ತುಂಬಿ, ಬಣ್ಣಕ್ಕೂ ಮೊದಲಿನ ಪ್ರೈಮರ್ ಹೊಡೆದು, 400 ಗ್ರಿಟ್ ಸ್ಯಾಂಡ್‌ಪೇಪರಿನಲ್ಲಿ ಉಜ್ಜುವ ತಾಳ್ಮೆ ಇಲ್ಲದಿದ್ದರೆ ಮ್ಯಾಟ್ ಒಳ್ಳೆಯದು. ಅದು ಸಣ್ಣಪುಟ್ಟ ತಪ್ಪು ಮುಚ್ಚುತ್ತದೆ.

ಹಾರಿಸಿದ ಮೇಲೆ ಲೆಕ್ಕ ತಿರುಗುತ್ತದೆ. ಕಪ್ಪು ಮದ್ದಿನ ಮೋಟಾರಿನ ಮಸಿ, ಹೊಲದ ಮಣ್ಣು, ಬೆರಳಿನ ಜಿಡ್ಡು ಮ್ಯಾಟ್‌ನ ಒರಟು ಮೇಲ್ಮೈಯಲ್ಲಿ ಕೂತುಬಿಡುತ್ತವೆ. ಜೋರಾಗಿ ಉಜ್ಜಿದರೆ ಆ ಜಾಗವೇ ಹೊಳೆಯತೊಡಗುತ್ತದೆ. ಸೆಮಿ-ಗ್ಲಾಸ್ ಆದರೆ ಸೋಪುನೀರಿನ ಒದ್ದೆ ಬಟ್ಟೆ ಸಾಕು. ವಾರವಾರ ಹಾರಿಸುವವರಿಗೆ ಇದೇ ಅನುಕೂಲ.

ಡೆಕಲ್, ಅಂದರೆ ಅಂಟಿಸುವ ಚಿತ್ರ-ಅಕ್ಷರಗಳ ವಿಷಯದಲ್ಲಿ ಎಡವುವವರೇ ಹೆಚ್ಚು. ನೀರಿನಲ್ಲಿ ನೆನೆಸಿ ಅಂಟಿಸುವ ಡೆಕಲನ್ನು ಮ್ಯಾಟ್ ಮೇಲೆ ನೇರವಾಗಿ ಹಾಕಿದರೆ ಕೆಳಗೆ ಗಾಳಿ ಸಿಕ್ಕಿ ಬೆಳ್ಳಿಯಂತೆ ಮಿನುಗುತ್ತದೆ. ಎರಡನೇ ಮಹಾಯುದ್ಧದ ಜರ್ಮನ್ ರಾಕೆಟ್ ವಿ-2 ತರಹದ, ನಿಜ ರಾಕೆಟ್ಟಿನ ಅಳತೆಗೆ ತಕ್ಕಂತೆ ಚಿಕ್ಕದಾಗಿಸಿದ ಸ್ಕೇಲ್ ಮಾಡೆಲ್‌ಗೆ ಮ್ಯಾಟ್ ನೋಟವೇ ಬೇಕೆಂದರೆ ಹೊಳಪಿನ ಕ್ಲಿಯರ್ (ಬಣ್ಣವಿಲ್ಲದ ಪಾರದರ್ಶಕ ಲೇಪ), ಡೆಕಲ್, ಕೊನೆಗೆ ಮ್ಯಾಟ್ ಕ್ಲಿಯರ್, ಈ ಕ್ರಮದಲ್ಲಿ ಹೋಗಿ. ಸೆಮಿ-ಗ್ಲಾಸ್‌ಗೆ ಇಷ್ಟು ಉಪಚಾರ ಬೇಡ.

ಹೊಡೆಯುವಾಗ ಇಬ್ಬರ ಹಟವೂ ಬೇರೆ. ಸೆಮಿ-ಗ್ಲಾಸ್ ದಪ್ಪವಾದರೆ ಸೋರಿ ಇಳಿಯುತ್ತದೆ. ಮ್ಯಾಟ್ ಕ್ಲಿಯರ್ ದಪ್ಪವಾದರೆ, ಸ್ಪ್ರೇ ಡಬ್ಬಿ ಸರಿಯಾಗಿ ಕುಲುಕದಿದ್ದರೆ, ಬಿಳಿ ಮಂಜು ಕವಿಯುತ್ತದೆ. ಎರಡು ನಿಮಿಷ ಕುಲುಕಿ, 25 ಸೆಂ.ಮೀ. ದೂರದಿಂದ ತೆಳುವಾಗಿ ಎರಡು-ಮೂರು ಸಲ ಹೊಡೆಯಿರಿ. ಮಳೆ ಹಿಡಿದ ದಿನ ಯಾವುದೂ ಬೇಡ.

ಯಾವುದನ್ನೇ ಹೊಡೆದರೂ ರಾಕೆಟ್ ಮೂತಿಯ, ಕೊಳವೆಯೊಳಗೆ ಸೇರುವ ಭಾಗಕ್ಕೆ ಟೇಪು ಸುತ್ತಿ. ಅಲ್ಲಿ ಬಣ್ಣ ಬಿದ್ದರೆ ಮೂತಿ ಬಿಗಿಯಾಗಿ, ಪ್ಯಾರಾಶೂಟ್ ಹೊರಬರುವುದಿಲ್ಲ.