383ಕ್ಕೆ ಯಾವ ಪಿಸ್ಟನ್? ಮೂರೂ ಹಾಕಿ ನೋಡಿದೆ

ನಾನಿರುವುದು ಡೆಟ್ರಾಯಿಟ್ ಪಕ್ಕದ ಒಂದು ಸಣ್ಣ ಊರಿನಲ್ಲಿ. ನನ್ನ ಗ್ಯಾರೇಜಿನಲ್ಲಿ ಕಾರು ನಿಲ್ಲಿಸಲು ಜಾಗ ಇಲ್ಲ, ಎಂಜಿನ್ನುಗಳೇ ತುಂಬಿವೆ. ಷೆವ್ರೊಲೆಯ 350 ಸ್ಮಾಲ್ ಬ್ಲಾಕನ್ನು 383 ಸ್ಟ್ರೋಕರ್ ಮಾಡುವ ಕೆಲಸಕ್ಕೆ ಮೂರು ಸಲ ಕೈಹಾಕಿದ್ದೇನೆ. ಎರಡು ಸಲ ನನ್ನ 1979ರ ಪಿಕಪ್‌ಗೆ, ಒಂದು ಸಲ ಗೆಳೆಯನ ಡ್ರ್ಯಾಗ್ ಕಾರಿಗೆ. ಮೂರು ಸಲವೂ ಬೇರೆ ಬೇರೆ ಜಾತಿಯ ಪಿಸ್ಟನ್.

ಗೊತ್ತಿಲ್ಲದವರಿಗೆ ಒಂದು ಮಾತು. 350ರ ಬೋರ್, ಅಂದರೆ ಸಿಲಿಂಡರಿನ ಅಗಲ, 4 ಇಂಚು. ಸ್ಟ್ರೋಕ್, ಅಂದರೆ ಪಿಸ್ಟನ್ ಮೇಲೆ ಕೆಳಗೆ ಓಡುವ ದೂರ, 3.48 ಇಂಚು. ಇದೇ ಕುಟುಂಬದ 400 ಎಂಜಿನ್ನಿನ ಕ್ರ್ಯಾಂಕಿಗೆ (ಪಿಸ್ಟನ್ನುಗಳು ತಿರುಗಿಸುವ ಕೆಳಗಿನ ಶಾಫ್ಟ್) 3.75 ಇಂಚಿನ ಸ್ಟ್ರೋಕ್ ಇದೆ. ಬೋರನ್ನು 30 ಥೌ ದೊಡ್ಡದು ಮಾಡಿ (ಥೌ ಅಂದರೆ ಇಂಚಿನ ಸಾವಿರದ ಒಂದು ಭಾಗ) ಆ ಸ್ಟ್ರೋಕ್ ಕೂರಿಸಿದರೆ 383 ಘನ ಇಂಚು, ಅಂದರೆ ಸುಮಾರು 6.3 ಲೀಟರ್ ಆಗುತ್ತದೆ. ಮೊದಲೆಲ್ಲ 400ರ ಕ್ರ್ಯಾಂಕ್ ತಂದು, ಅದು ಬ್ಲಾಕಿನಲ್ಲಿ ಕೂರುವ ಮೇನ್ ಜರ್ನಲನ್ನು 2.65ರಿಂದ 2.45 ಇಂಚಿಗೆ ಗ್ರೈಂಡ್ ಮಾಡಿಸುತ್ತಿದ್ದರು. ಈಗ ನೇರವಾಗಿ ಕೂರುವ ಕ್ರ್ಯಾಂಕೇ ಸಿಗುತ್ತದೆ.

ತೊಂದರೆ ಶುರುವಾಗುವುದು ಎತ್ತರದಲ್ಲಿ. ಕ್ರ್ಯಾಂಕಿನ ನಡುವಿನಿಂದ ಬ್ಲಾಕಿನ ಮೇಲ್ಮೈವರೆಗೆ ಇರುವುದು 9.025 ಇಂಚು. ಸ್ಟ್ರೋಕಿನ ಅರ್ಧ 1.875, ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಮಾಮೂಲಿ ರಾಡ್ 5.7, ಮಾಮೂಲಿ ಪಿಸ್ಟನ್ನಿನ ಕಂಪ್ರೆಷನ್ ಹೈಟ್, ಅಂದರೆ ಪಿನ್ ನಡುವಿನಿಂದ ತಲೆಯವರೆಗೆ, 1.56. ಕೂಡಿಸಿದರೆ 9.135. ಪಿಸ್ಟನ್ 110 ಥೌ ಹೊರಗೆ ಬಂದು ನೇರವಾಗಿ ಮೇಲಿನ ಮುಚ್ಚಳಕ್ಕೆ, ಅಂದರೆ ಹೆಡ್ಡಿಗೆ, ಗುದ್ದುತ್ತದೆ. ಹಾಗಾಗಿ ಪಿನ್ ಮೇಲಕ್ಕೆ ಹೋಗಲೇಬೇಕು. 5.7 ರಾಡಿಗೆ 1.43ರ ಆಸುಪಾಸಿನ ಪಿಸ್ಟನ್, 6 ಇಂಚಿನ ರಾಡಿಗೆ 1.125. ಜನ ಅಲಾಯ್ ಬಗ್ಗೆ ರಾತ್ರಿಯೆಲ್ಲ ಜಗಳ ಆಡುತ್ತಾರೆ. ಆದರೆ ಈ ಕೂಡುವ ಲೆಕ್ಕವನ್ನು ತಮ್ಮದೇ ಬ್ಲಾಕ್ ಅಳೆದು ಮಾಡುವವರು ಕಡಿಮೆ.

ಮೊದಲ ಸಲ ಹಾಕಿದ್ದು ಹೈಪರ್‌ಯುಟೆಕ್ಟಿಕ್. ಇದು ಅಚ್ಚಿನಲ್ಲಿ ಎರಕ ಹೊಯ್ದ ಪಿಸ್ಟನ್, ಸಿಲಿಕಾನ್ 16ರಿಂದ 18 ಪರ್ಸೆಂಟ್ ಇರುತ್ತದೆ. ಸಿಲಿಕಾನ್ ಜಾಸ್ತಿ ಇರುವುದರಿಂದ ಕಾದಾಗ ಹಿಗ್ಗುವುದು ಕಡಿಮೆ, ಬೋರಿಗೆ ಬಿಗಿಯಾಗಿ ಕೂರಿಸಬಹುದು. ಪಿಸ್ಟನ್ನಿಗೂ ಬೋರಿಗೂ ನಡುವೆ ನಾನು ಬಿಟ್ಟ ಸಂದು 2 ಥೌ. ಮೂರರಲ್ಲಿ ಬೆಲೆಯೂ ಕಡಿಮೆ. ಜನವರಿಯ ಚಳಿಯಲ್ಲೂ ಸ್ಟಾರ್ಟ್ ಮಾಡಿದರೆ ಹೊಲಿಗೆ ಮಿಷಿನ್ ಥರ ಸದ್ದು. ಖುಷಿಯಾಗಿದ್ದೆ.

ಕೆಡಿಸಿದ್ದು ನಾನೇ. ಟಾಪ್ ರಿಂಗಿನ ಗ್ಯಾಪನ್ನು, ಅಂದರೆ ಅದರ ಎರಡು ತುದಿಗಳ ನಡುವಿನ ಜಾಗವನ್ನು, ಹಳೇ ಅಭ್ಯಾಸದಂತೆ 18 ಥೌ ಇಟ್ಟೆ. ಪೆಟ್ಟಿಗೆಯೊಳಗಿನ ಹಾಳೆಯಲ್ಲಿ 26 ಅಂತ ಇತ್ತು. ಓದಿದ್ದೆ ಕೂಡ. ‘ಇಷ್ಟೊಂದು ಯಾಕೆ, ಕಂಪ್ರೆಷನ್ ಸೋರುತ್ತೆ’ ಅಂತ ನನ್ನ ಬುದ್ಧಿ ಓಡಿಸಿದೆ. ಈ ಪಿಸ್ಟನ್ನುಗಳಲ್ಲಿ ಟಾಪ್ ರಿಂಗ್ ತಲೆಗೆ ತೀರಾ ಹತ್ತಿರ ಇರುತ್ತದೆ, ಬಿಸಿಯೂ ಮೇಲೇ ನಿಲ್ಲುತ್ತದೆ. ರಿಂಗ್ ಜಾಸ್ತಿ ಕಾದು ಜಾಸ್ತಿ ಹಿಗ್ಗುತ್ತದೆ. ಜುಲೈ ಬಿಸಿಲಲ್ಲಿ ದೋಣಿಯ ಟ್ರೈಲರ್ ಎಳೆದುಕೊಂಡು ಉತ್ತರಕ್ಕೆ ಹೊರಟಿದ್ದೆ. ದಾರಿಯಲ್ಲಿ ರಿಂಗಿನ ಎರಡು ತುದಿ ಒಂದಕ್ಕೊಂದು ತಾಗಿ, ಪಿಸ್ಟನ್ನಿನ ಮೇಲಿನ ಅಂಚು ಹಪ್ಪಳದ ಹಾಗೆ ಮುರಿಯಿತು. ಸಿಲಿಂಡರ್ ಗೋಡೆ ಗೀರಿ ಹೋಯಿತು. ಇನ್ನೂ 10 ಥೌ ಬೋರ್ ಮಾಡಿಸಬೇಕಾಯಿತು. ಹಾಗಾಗಿ ಲೆಕ್ಕದ ಪ್ರಕಾರ ನನ್ನದು ಈಗ 383 ಅಲ್ಲ, 385. ಈ ಪಿಸ್ಟನ್ ದುರ್ಬಲ ಅಂತ ಬೈಯುವವರಲ್ಲಿ ಎಷ್ಟು ಮಂದಿ ನನ್ನ ಥರದವರೋ!

ಎರಡನೆಯದು 4032 ಅನ್ನುವ ಅಲ್ಯುಮಿನಿಯಂ ಅಲಾಯ್, ಫೋರ್ಜ್ಡ್, ಅಂದರೆ ಎರಕವಲ್ಲ, ಒತ್ತಿ ರೂಪಿಸಿದ್ದು. ಸಿಲಿಕಾನ್ ಸುಮಾರು 12 ಪರ್ಸೆಂಟ್. ಸಂದು 3 ಥೌ. ಬೆಳಿಗ್ಗೆ ಮೊದಲ ಅರ್ಧ ನಿಮಿಷ ಸಣ್ಣಗೆ ಟಕಟಕ ಅನ್ನುತ್ತದೆ, ಆಮೇಲೆ ಸದ್ದಿಲ್ಲ. ಎರಕದ್ದಕ್ಕಿಂತ ಗಟ್ಟಿ ಅನ್ನುವುದಕ್ಕಿಂತ, ತಪ್ಪನ್ನು ಸ್ವಲ್ಪ ತಡೆದುಕೊಳ್ಳುತ್ತದೆ ಅನ್ನುವುದು ಸರಿ.

ಈ ಸಲ ತಲೆ ಕೆಡಿಸಿದ್ದು ಪಿಸ್ಟನ್ ತಲೆಯ ಆಕಾರ. ಹಳೇ ಎರಕದ ಕಬ್ಬಿಣದ ಹೆಡ್ಡಿನಲ್ಲಿ ಇಂಧನ ಉರಿಯುವ ಚೇಂಬರ್ 76 ಸಿಸಿ. ಅದಕ್ಕೆ ಫ್ಲಾಟ್ ಟಾಪ್, ಅಂದರೆ ತಲೆ ಚಪ್ಪಟೆ ಇರುವ ಪಿಸ್ಟನ್ ಹಾಕಿದಾಗ ಕಂಪ್ರೆಷನ್ ಅನುಪಾತ 9.4 ಬಂದಿತ್ತು. ಈಗ ಅಲ್ಯುಮಿನಿಯಂ ಹೆಡ್, 64 ಸಿಸಿ. ಡೆಕ್ (ಬ್ಲಾಕಿನ ಮೇಲ್ಮೈ) ಕೂಡ ಸವರಿಸಿ ಪಿಸ್ಟನ್ ಬರೀ 5 ಥೌ ಕೆಳಗೆ ನಿಲ್ಲುವಂತೆ ಮಾಡಿದ್ದೆ. 39 ಥೌ ಗ್ಯಾಸ್ಕೆಟ್ ಸೇರಿ ಕ್ವೆಂಚ್, ಅಂದರೆ ಪಿಸ್ಟನ್ ತಲೆಗೂ ಹೆಡ್ಡಿಗೂ ಉಳಿಯುವ ಸಂದು, 44 ಥೌ. ಅದೇ ಫ್ಲಾಟ್ ಟಾಪ್ ಹಾಕಿದ್ದರೆ 11 ಮುಟ್ಟುತ್ತಿತ್ತು. ತಲೆಯಲ್ಲಿ 12 ಸಿಸಿ ತಗ್ಗಿದ್ದರೆ 10.2, 18 ಸಿಸಿ ಇದ್ದರೆ 9.6. ಟ್ರೈಲರ್ ಎಳೆಯುವ ಗಾಡಿ, ನಾನು 18 ತಗೊಂಡೆ. ಬಂಕಿನಲ್ಲಿ ದುಬಾರಿ 93 ಆಕ್ಟೇನ್ ಪೆಟ್ರೋಲ್ ಹಾಕಿಸುವ ಗೋಜಿಲ್ಲ. (ಇಲ್ಲಿನ 91 ಅಂದರೆ ಬೆಂಗಳೂರಿನ 95ರ ಹತ್ತಿರ, ಲೆಕ್ಕ ಹಾಕುವ ರೀತಿ ಬೇರೆ.)

ಮೂರನೆಯದು ಗೆಳೆಯನ ಕಾರು. ಜಾಸ್ತಿ ಶಕ್ತಿಗೆ ಎಂಜಿನ್ನಿಗೆ ನೈಟ್ರಸ್ ಆಕ್ಸೈಡ್ ಅನಿಲ ಹೊಡೆಯುವವನು. ಅವನಿಗೆ 2618 ಅಲಾಯ್ ಬಿಟ್ಟು ಬೇರೆ ಮಾತಿಲ್ಲ, ಅದು ಸರಿಯೂ ಹೌದು. ಇದರಲ್ಲಿ ಸಿಲಿಕಾನ್ ಇಲ್ಲವೆಂದೇ ಹೇಳಬೇಕು. ಡೆಟೊನೇಷನ್ ಆದಾಗ, ಅಂದರೆ ಇಂಧನ ತಾನಾಗಿ ಸಿಡಿದಾಗ, ಒಡೆಯುವುದಿಲ್ಲ, ಬಗ್ಗಿ ತಡೆದುಕೊಳ್ಳುತ್ತದೆ. ಆದರೆ ಜಾಸ್ತಿ ಹಿಗ್ಗುತ್ತದೆ, ಬೇಗ ಸವೆಯುತ್ತದೆ. ಸಂದು 4.5 ಥೌ ಬಿಟ್ಟೆವು. ತಣ್ಣಗಿರುವಾಗ ಡಬ್ಬದಲ್ಲಿ ಕಲ್ಲು ಅಲ್ಲಾಡಿಸಿದ ಹಾಗೆ ಸದ್ದು.

ಅವನು 6 ಇಂಚಿನ ರಾಡ್ ಬೇಕೆಂದು ಹಟ ಹಿಡಿದ. ರಾಡ್ ಮತ್ತು ಸ್ಟ್ರೋಕಿನ ಅನುಪಾತ 1.52ರಿಂದ 1.60ಕ್ಕೆ ಏರುತ್ತದೆ, ಪಿಸ್ಟನ್ ಹಗುರ, ಬ್ಯಾಲೆನ್ಸ್ ಸುಲಭ. ಎಲ್ಲ ನಿಜ. ಆದರೆ ಪಿನ್ ಎಷ್ಟು ಮೇಲೆ ಹೋಗುತ್ತದೆಂದರೆ ಅದರ ತೂತು ಆಯಿಲ್ ರಿಂಗ್ ಕೂರುವ ತೋಡನ್ನೇ ಕತ್ತರಿಸುತ್ತದೆ. ಅಲ್ಲಿ ಆಸರೆಗೆ ಒಂದು ತೆಳು ರೈಲ್ ಹಾಕಬೇಕು. ಅದರ ಮೇಲೊಂದು ಸಣ್ಣ ಗುಬುಟು ಇದೆ, ಅದು ಕೆಳಮುಖವಾಗಿ ಪಿನ್ ತೂತಿನ ಜಾಗದಲ್ಲೇ ಕೂರಬೇಕು, ಇಲ್ಲದಿದ್ದರೆ ರೈಲ್ ತಿರುಗುತ್ತದೆ. ದಿನಾ ಓಡಿಸುವ ಗಾಡಿಗೆ ಇದೆಲ್ಲ ಸುಮ್ನೆ ತಲೆನೋವು. 5.7ರಲ್ಲಿ ಈ ರೈಲೂ ಬೇಡ, ಈ ಗೋಳೂ ಇಲ್ಲ. ಎರಡರಲ್ಲೂ ತಪ್ಪದ ಕೆಲಸ ಒಂದಿದೆ: ರಾಡಿನ ಬೋಲ್ಟ್ ತಾಗುವ ಕಡೆ ಬ್ಲಾಕಿನ ಕೆಳಗಿನ ಅಂಚನ್ನು ಗ್ರೈಂಡ್ ಮಾಡುವುದು, ವಾಲ್ವ್ ತೆರೆಯುವ ಕ್ಯಾಮ್ ಶಾಫ್ಟಿನ ಉಬ್ಬಿಗೂ (ಲೋಬ್) ರಾಡಿಗೂ ಕನಿಷ್ಠ 50 ಥೌ ಇದೆಯಾ ಅಂತ ಒಂದೊಂದಾಗಿ ತಿರುಗಿಸಿ ನೋಡುವುದು.

ಅವನ ಕ್ಯಾಮ್ ದೊಡ್ಡದು. ವಾಲ್ವ್ ತಾಗದಂತೆ ಪಿಸ್ಟನ್ ತಲೆಯಲ್ಲಿ ಕೊರೆದ ವಾಲ್ವ್ ಪಾಕೆಟ್ ಸಾಲುತ್ತಾ ಅಂತ ಪಿಸ್ಟನ್ ಮೇಲೆ ಮಕ್ಕಳು ಆಡುವ ಕ್ಲೇ ಒತ್ತಿ, ಹೆಡ್ ಬಿಗಿದು, ಕೈಯಲ್ಲಿ ಎರಡು ಸುತ್ತು ತಿರುಗಿಸಿದೆವು. ಬಿಚ್ಚಿ ಬ್ಲೇಡಿನಿಂದ ಕೊಯ್ದು ಅಳೆದರೆ ಇನ್‌ಟೇಕ್ ಕಡೆ 62 ಥೌ. ಬೇಕಿದ್ದದ್ದು 80. ಮಿಲ್ಲಿಂಗ್ ಮಿಷಿನ್‌ಗೆ ಕಟ್ಟಿ ಎಂಟೂ ಪಾಕೆಟ್ಟನ್ನು 20 ಥೌ ಇಳಿಸಿದೆ. ಕಟರ್ ಹಾಕುವ ಮೊದಲು ಅಡಿಯ ದಪ್ಪ ಅಳೆದುಕೊಂಡಿದ್ದೆ. 200 ಥೌಗಿಂತ ಕಡಿಮೆ ಉಳಿಯುವುದಾದರೆ ಮುಟ್ಟುತ್ತಿರಲಿಲ್ಲ. ಚೂಪಾದ ಅಂಚುಗಳನ್ನು ಎಮರಿ ಕಾಗದದಲ್ಲಿ ಕೈಯಾರೆ ಮುರಿದೆ. ಕೆಂಪಗೆ ಕಾದು, ಪ್ಲಗ್ ಕಿಡಿಗೆ ಮೊದಲೇ ಇಂಧನಕ್ಕೆ ಬೆಂಕಿ ಹೊತ್ತಿಸುವುದು ಅಂಥ ಅಂಚುಗಳೇ.

ಅಳತೆಯ ಬಗ್ಗೆ ಒಂದು ಕಥೆ. ನಾನು ಲೇತ್ ಕಲಿತದ್ದು ಪೀಣ್ಯದಲ್ಲಿ. ಅಲ್ಲಿ ಬೆಳಿಗ್ಗೆಗೂ ಮಧ್ಯಾಹ್ನಕ್ಕೂ ಹವೆಯಲ್ಲಿ ಭಾರೀ ಫರಕು ಇಲ್ಲ. ಇಲ್ಲಿ ಒಂದು ಡಿಸೆಂಬರಿನಲ್ಲಿ ಪಿಸ್ಟನ್ನುಗಳನ್ನು ತಣ್ಣನೆ ಗ್ಯಾರೇಜಿನಲ್ಲಿ ಅಳೆದು, ಆ ಅಂಕಿ ಹಿಡಿದು ಬೆಚ್ಚಗಿನ ಮಿಷಿನ್ ಶಾಪಿಗೆ ಹೋದೆ. 20 ಡಿಗ್ರಿ ಸೆಲ್ಸಿಯಸ್ ವ್ಯತ್ಯಾಸಕ್ಕೆ ಈ ಗಾತ್ರದ ಅಲ್ಯುಮಿನಿಯಂ ಒಂದೂವರೆ ಥೌಗಿಂತ ಜಾಸ್ತಿ ಹಿಗ್ಗುತ್ತದೆ. ಇಟ್ಟ ಸಂದಿನಲ್ಲಿ ಅರ್ಧ ಅಲ್ಲೇ ಹೋಗುತ್ತಿತ್ತು, ಅಲ್ವಾ? ಪುಣ್ಯಕ್ಕೆ ಹೋನಿಂಗ್, ಅಂದರೆ ಬೋರನ್ನು ಕೊನೆಯ ಅಳತೆಗೆ ಉಜ್ಜುವ ಕೆಲಸ, ಮಾಡುವ ಹಿರಿಯರು ಪಿಸ್ಟನ್ನುಗಳನ್ನೇ ತರಿಸಿ, ಒಂದು ರಾತ್ರಿ ಬ್ಲಾಕಿನ ಪಕ್ಕ ಇಟ್ಟು, ಮತ್ತೆ ಅಳೆದರು. ಅಳೆಯುವ ಜಾಗವೂ ಮುಖ್ಯ. ಪಿಸ್ಟನ್ ಗುಂಡಗಿಲ್ಲ, ನೇರವೂ ಇಲ್ಲ. ಪಿನ್ನಿಗೆ ಅಡ್ಡಲಾಗಿ, ತಯಾರಕರು ಹೇಳಿದ ಎತ್ತರದಲ್ಲೇ ಮೈಕ್ರೊಮೀಟರ್ ಹಿಡಿಯಬೇಕು. ಅವರು ಬ್ಲಾಕಿನ ಮೇಲೆ ಹೆಡ್ಡಿನ ಬದಲು ಅಷ್ಟೇ ಬಿಗಿ ಕೊಡುವ ಟಾರ್ಕ್ ಪ್ಲೇಟ್ ಬಿಗಿದು, ಪ್ರತಿ ಪಿಸ್ಟನ್ನಿಗೆ ಅದರದೇ ಬೋರ್ ಹೋನ್ ಮಾಡಿ, ನಂಬರ್ ಬರೆದು ಕೊಟ್ಟರು.

ನನ್ನ ಪಿಕಪ್ ಈಗಲೂ 4032, 5.7 ರಾಡ್, 18 ಸಿಸಿಯಲ್ಲೇ ಓಡುತ್ತಿದೆ. ನನ್ನ ಓಟು ಅದಕ್ಕೇ. ದುಡ್ಡು ಬಿಗಿ ಇದ್ದು ನೈಟ್ರಸ್ ಆಸೆ ಇಲ್ಲದಿದ್ದರೆ ಹೈಪರ್‌ಯುಟೆಕ್ಟಿಕ್ಕೇ ಸಾಕು, ಹಾಳೆಯಲ್ಲಿ ಇರುವಷ್ಟು ಗ್ಯಾಪ್ ಬಿಡಿ. ನಾಲ್ಕನೇ ಬ್ಲಾಕ್ ಸ್ಟ್ಯಾಂಡ್ ಮೇಲಿದೆ. ಡೆಕ್ಕಿನ ನಾಲ್ಕು ಮೂಲೆ ಅಳೆದೆ. ಒಂದು ಕಡೆ 9.021, ಇನ್ನೊಂದು ಕಡೆ 9.028. ಅದು ಸಮ ಆಗಿ ಬರುವವರೆಗೆ ಪಿಸ್ಟನ್ ಆರ್ಡರ್ ಮಾಡುವುದಿಲ್ಲ.