ಸ್ವಿಟ್ಜರ್ಲೆಂಡ್ ಸುತ್ತಲು ಸಾಮಾನ್ಯ ರೈಲೇ ಸಾಕು: ಅರ್ಧ ದರದ ಕಾರ್ಡಿನೊಂದಿಗೆ ಹನ್ನೊಂದು ವರ್ಷ

ಬೇಸಿಗೆ ರಜೆ ಹತ್ತಿರವಾಗುತ್ತಿದ್ದಂತೆ ಊರಿನಿಂದ ಬರುವ ಫೋನ್ ಕರೆಗಳಲ್ಲಿ ಒಂದು ಪ್ರಶ್ನೆ ತಪ್ಪದೆ ಇರುತ್ತದೆ: ಸ್ವಿಟ್ಜರ್ಲೆಂಡಿಗೆ ಬರುವುದಾದರೆ ಯಾವ ಪ್ಯಾಕೇಜ್ ತೆಗೆದುಕೊಳ್ಳಬೇಕು? ಬರ್ನ್ ನಗರದ ಅಂಚಿನಲ್ಲಿ ಮನೆ ಮಾಡಿಕೊಂಡು ಹನ್ನೊಂದು ವರ್ಷ ಕಳೆದಿರುವ ನಾನು ಪ್ರತಿ ಸಲವೂ ಒಂದೇ ಉತ್ತರ ಕೊಡುತ್ತೇನೆ. ಪ್ಯಾಕೇಜ್ ಬೇಡ, ಐದು ದಿನದಲ್ಲಿ ಐದು ಶಿಖರ ತೋರಿಸಿ ಕರೆತರುವ ಬಸ್ಸೂ ಬೇಡ. ಈ ದೇಶದ ಜನ ದಿನನಿತ್ಯ ಕೆಲಸಕ್ಕೆ, ಶಾಲೆಗೆ, ಅಂಗಡಿಗೆ ಹೋಗಲು ಹತ್ತುವ ರೈಲು, ಅಂಚೆ ಸಂಸ್ಥೆಯ ಹಳದಿ ಬಸ್ಸು ಮತ್ತು ಸರೋವರದ ಹಡಗು ಇವೇ ಇಲ್ಲಿನ ಅತ್ಯುತ್ತಮ ಪ್ರವಾಸ ಸೇವೆ. ಅವುಗಳಲ್ಲಿ ಅರ್ಧ ದರಕ್ಕೆ ಓಡಾಡಲು ಬಿಡುವ ಕಾರ್ಡನ್ನು ಇಷ್ಟು ವರ್ಷ ಜೇಬಿನಲ್ಲಿಟ್ಟುಕೊಂಡು ತಿರುಗಿದ ಅನುಭವದಿಂದ ಈ ವಿಮರ್ಶೆ ಬರೆಯುತ್ತಿದ್ದೇನೆ.

ಇಲ್ಲಿನ ಜರ್ಮನ್ ಮಾತಿನಲ್ಲಿ ಆ ಕಾರ್ಡಿನ ಹೆಸರು ಹಾಲ್ಬ್‌ಟಾಕ್ಸ್. ನಿವಾಸಿಗಳಿಗೆ ಮೊದಲ ವರ್ಷ 190 ಫ್ರಾಂಕ್, ನವೀಕರಿಸಿದರೆ 170 ಫ್ರಾಂಕ್. ಸರ್ಕಾರಿ ರೈಲು, ಖಾಸಗಿ ರೈಲು, ಅಂಚೆ ಬಸ್ಸು, ಸರೋವರದ ಹಡಗು, ನಗರದ ಟ್ರಾಮ್ ಎಲ್ಲಕ್ಕೂ ಇದು ಸಲ್ಲುತ್ತದೆ. ಬಹುಪಾಲು ಬೆಟ್ಟದ ರೈಲು ಮತ್ತು ಕೇಬಲ್ ಕಾರುಗಳಲ್ಲಿಯೂ ರಿಯಾಯಿತಿ ಸಿಗುತ್ತದೆ. ಆರರಿಂದ ಹದಿನಾರು ವರ್ಷದೊಳಗಿನ ಮಕ್ಕಳಿಗೆ ವರ್ಷಕ್ಕೆ 30 ಫ್ರಾಂಕ್‌ನ ಜೂನಿಯರ್ ಕಾರ್ಡ್ ಮಾಡಿಸಿದರೆ ಅಪ್ಪ ಅಥವಾ ಅಮ್ಮನ ಜೊತೆಯಲ್ಲಿ ಅವರ ಪ್ರಯಾಣ ಉಚಿತ. ಹೊಸದಾಗಿ ಇಲ್ಲಿಗೆ ಬಂದ ಕುಟುಂಬಗಳಿಗೆ ಇದಕ್ಕಿಂತ ಲಾಭದ ಖರೀದಿಯನ್ನು ನಾನು ತೋರಿಸಲಾರೆ. ಒಂದು ಎಚ್ಚರಿಕೆಯನ್ನು ಮಾತ್ರ ಹೇಳಬೇಕು: ಅವಧಿ ಮುಗಿಯುವ ಮುನ್ನ ರದ್ದು ಮಾಡದಿದ್ದರೆ ಕಾರ್ಡ್ ತಾನಾಗಿಯೇ ನವೀಕರಣಗೊಂಡು ಮನೆಗೆ ಬಿಲ್ ಬರುತ್ತದೆ. ದೇಶ ಬಿಟ್ಟು ಹೊರಡುವವರು ಇದನ್ನು ಮರೆಯಬಾರದು.

ಕಾರ್ಡಿನ ಬೆಲೆಗಿಂತ ಹೆಚ್ಚಾಗಿ ನನ್ನ ಮನಸ್ಸನ್ನು ಗೆದ್ದದ್ದು ಅದರ ಹಿಂದಿರುವ ವೇಳಾಪಟ್ಟಿ. ನಿಗದಿತ ಅಂತರದಲ್ಲಿ ರೈಲು ಬಿಡುವ ಪದ್ಧತಿ ದೇಶದಾದ್ಯಂತ ಜಾರಿಗೆ ಬಂದದ್ದು 1982ರಲ್ಲಿ. ಅದನ್ನು ಇನ್ನಷ್ಟು ಬಿಗಿಗೊಳಿಸುವ 'ರೈಲು 2000' ಯೋಜನೆಗೆ 1987ರಲ್ಲಿ ಜನ ಮತ ಹಾಕಿ ಒಪ್ಪಿಗೆ ಕೊಟ್ಟರು. ದೊಡ್ಡ ನಿಲ್ದಾಣಗಳಿಗೆ ಎಲ್ಲ ದಿಕ್ಕಿನ ರೈಲುಗಳೂ ಗಂಟೆ ಹೊಡೆಯುವುದಕ್ಕೆ ಸ್ವಲ್ಪ ಮುಂಚೆ ಬಂದು ನಿಲ್ಲುತ್ತವೆ, ಜನ ಒಂದರಿಂದ ಇಳಿದು ಇನ್ನೊಂದನ್ನು ಹತ್ತುತ್ತಾರೆ, ಗಂಟೆ ಹೊಡೆದ ಕೆಲವೇ ನಿಮಿಷಗಳಲ್ಲಿ ಎಲ್ಲವೂ ಚದುರುತ್ತವೆ. ಈ ಜೋಡಣೆ ಹೊಂದಬೇಕೆಂದರೆ ಜ್ಯೂರಿಕ್‌ನಿಂದ ಬರ್ನ್‌ಗೆ ಒಂದು ಗಂಟೆಯೊಳಗೆ ತಲುಪಲೇಬೇಕು. ಅದಕ್ಕಾಗಿಯೇ ಹೊಸ ಹಳಿ ಹಾಕಿ 2004ರ ಕೊನೆಯಲ್ಲಿ ಆ ಪ್ರಯಾಣವನ್ನು 56 ನಿಮಿಷಕ್ಕೆ ಇಳಿಸಿದರು. ಇದರ ಫಲವನ್ನು ಅನುಭವಿಸುವವರು ಕೊನೆಯ ಹಳ್ಳಿಯ ಪ್ರಯಾಣಿಕರು, ಏಕೆಂದರೆ ರೈಲಿನಿಂದ ಇಳಿದ ಆರೇಳು ನಿಮಿಷಕ್ಕೆ ನಿಲ್ದಾಣದ ಮುಂದೆಯೇ ಅವರ ಬಸ್ಸು ಹೊರಡುತ್ತದೆ. ಎಂಟು ಹತ್ತು ಮನೆಗಳಿರುವ ಬೆಟ್ಟದ ಹಳ್ಳಿಗೂ ಬಸ್ಸಿನ ಸಮಯವನ್ನು ನಂಬಿ ಹೋಗಬಹುದು ಎಂಬ ಧೈರ್ಯ ಬಂದ ಮೇಲೆ, ಕಾರು ಕೊಳ್ಳುವ ಯೋಚನೆಯನ್ನು ನಮ್ಮ ಮನೆಯಲ್ಲಿ ಕೈಬಿಟ್ಟೆವು.

ಒಂದೇ ಒಂದು ದಿನ ಕೈಯಲ್ಲಿದೆ ಎನ್ನುವವರಿಗೆ ನಾನು ಹೇಳುವುದು ಬೆರ್ನಿನಾ ಮಾರ್ಗವನ್ನು. ಸೇಂಟ್ ಮೊರಿಟ್ಜ್‌ನಿಂದ ಇಟಲಿಯ ತಿರಾನೊವರೆಗೆ ಹೋಗುವ ಈ ಹಳಿ 1910ರಲ್ಲಿ ಪೂರ್ಣಗೊಂಡಿತು. ಪಕ್ಕದ ಆಲ್ಬುಲಾ ಮಾರ್ಗದೊಂದಿಗೆ 2008ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಪ್ರವಾಸಿಗರು ಸಾಮಾನ್ಯವಾಗಿ ಇಲ್ಲಿ ಹುಡುಕುವುದು ಛಾವಣಿಯವರೆಗೂ ಗಾಜಿರುವ ಬೆರ್ನಿನಾ ಎಕ್ಸ್‌ಪ್ರೆಸ್ಸನ್ನು. ಅದಕ್ಕೆ ಟಿಕೆಟ್ಟಿನ ಮೇಲೆ ಸೀಟು ಕಾಯ್ದಿರಿಸುವ ಶುಲ್ಕವನ್ನೂ ಕೊಡಬೇಕು, ಅದರ ದೊಡ್ಡ ಕಿಟಕಿಗಳು ತೆರೆಯುವುದಿಲ್ಲ, ಬಿಸಿಲು ಬಿದ್ದಾಗ ಗಾಜಿನಲ್ಲಿ ನಮ್ಮದೇ ಮುಖ ಕಾಣುತ್ತದೆ. ಅದೇ ಹಳಿಯ ಮೇಲೆ ಗಂಟೆಗೊಂದರಂತೆ ಸಾಮಾನ್ಯ ರೈಲು ಓಡುತ್ತದೆ; ಅದಕ್ಕೆ ಮುಂಗಡ ಬುಕಿಂಗ್ ಬೇಕಿಲ್ಲ, ಎಲ್ಲಿ ಬೇಕಾದರೂ ಇಳಿದು ಮುಂದಿನ ರೈಲು ಹಿಡಿಯಬಹುದು, ಹಲವು ಬೋಗಿಗಳಲ್ಲಿ ಕಿಟಕಿ ಇಳಿಸಿ ತಣ್ಣನೆಯ ಗಾಳಿಗೆ ಮುಖವೊಡ್ಡಬಹುದು. ಬೇಸಿಗೆಯಲ್ಲಿ ಹವೆ ಚೆನ್ನಾಗಿದ್ದ ದಿನ ಛಾವಣಿಯೇ ಇಲ್ಲದ ಹಳದಿ ಬೋಗಿಗಳನ್ನು ಕೂಡ ಜೋಡಿಸುತ್ತಾರೆ. ನಾನು ಎರಡರಲ್ಲೂ ಪ್ರಯಾಣಿಸಿದ್ದೇನೆ. ಹಿಂಜರಿಕೆಯಿಲ್ಲದೆ ಸಾಮಾನ್ಯ ರೈಲನ್ನೇ ಶಿಫಾರಸು ಮಾಡುತ್ತೇನೆ.

ಈ ಹಾದಿಯ ಅತಿ ಎತ್ತರದ ನಿಲ್ದಾಣ ಓಸ್ಪಿಟ್ಸಿಯೊ ಬೆರ್ನಿನಾ, 2253 ಮೀಟರ್. ಅದರ ಆಚೀಚೆ ಎರಡು ಸರೋವರಗಳಿವೆ: ಹಿಮನದಿ ಕರಗಿ ಬಂದ ನೀರಿನಿಂದ ಹಾಲು ಬೆರೆತಂತೆ ಕಾಣುವ ಲಾಗೊ ಬಿಯಾಂಕೊ, ಅಂದರೆ ಬಿಳಿ ಕೆರೆ, ಅದರ ಹತ್ತಿರವೇ ಲೆಯ್ ನೈರ್, ಅಂದರೆ ಕರಿ ಕೆರೆ. ಮೊದಲನೆಯದರ ನೀರು ದಕ್ಷಿಣಕ್ಕಿಳಿದು ಪೊ ನದಿಯ ಮೂಲಕ ಏಡ್ರಿಯಾಟಿಕ್ ಸಮುದ್ರ ಸೇರುತ್ತದೆ, ಎರಡನೆಯದರ ನೀರು ಡ್ಯಾನ್ಯೂಬ್ ಹಿಡಿದು ಕಪ್ಪು ಸಮುದ್ರಕ್ಕೆ ಹೋಗುತ್ತದೆ. ಪಶ್ಚಿಮ ಘಟ್ಟದ ನೆತ್ತಿಯಲ್ಲಿ ಬಿದ್ದ ಮಳೆ ಅರಬ್ಬಿ ಸಮುದ್ರಕ್ಕೂ ಬಂಗಾಳ ಕೊಲ್ಲಿಗೂ ಹಂಚಿಹೋಗುವುದನ್ನು ಕೇಳಿ ಬೆಳೆದ ನನಗೆ ಆ ಎರಡು ಕೆರೆಗಳ ನಡುವೆ ನಿಂತಾಗ ಈ ಪರದೇಶ ಮೊದಲ ಸಲ ಗುರುತಿನ ನೆಲದಂತೆ ಕಂಡಿತು. ಅಲ್ಲಿಂದ ಮುಂದೆ ಆಲ್ಪ್ ಗ್ರ್ಯೂಮ್‌ನಲ್ಲಿ ಇಳಿದು ಎದುರಿನ ಪಾಲ್ಯು ಹಿಮನದಿಯನ್ನು ನೋಡುತ್ತ ಒಂದು ಗಂಟೆ ಕೂರುವುದು ಒಳ್ಳೆಯದು. ಬಳಿಕ ರೈಲು ಹಳಿಗಳ ನಡುವೆ ಚಕ್ರ ಕಚ್ಚಿಕೊಳ್ಳುವ ಹಲ್ಲುಪಟ್ಟಿಯ ಆಸರೆಯಿಲ್ಲದೆ, ನೂರು ಮೀಟರಿಗೆ ಏಳು ಮೀಟರಿನಷ್ಟು ಕಡಿದಾದ ಇಳಿಜಾರಿನಲ್ಲಿ ತಿರುತಿರುಗಿ ಇಳಿಯುತ್ತದೆ, ಬ್ರೂಸಿಯೊದಲ್ಲಿ ಕಲ್ಲಿನ ಕಮಾನು ಸೇತುವೆಯ ಮೇಲೆ ಪೂರ್ತಿ ಒಂದು ಸುತ್ತು ಹಾಕಿ ತನ್ನದೇ ಹಳಿಯ ಕೆಳಗೆ ನುಸುಳುತ್ತದೆ, ಕೊನೆಗೆ 429 ಮೀಟರ್ ಎತ್ತರದ ತಿರಾನೊದಲ್ಲಿ ಚರ್ಚಿನ ಮುಂದಿನ ಚೌಕವನ್ನೇ ದಾಟಿ ನಿಲ್ಲುತ್ತದೆ. ಎರಡೂವರೆ ಗಂಟೆಯಲ್ಲಿ ಹಿಮದಿಂದ ಹೊರಟು ದ್ರಾಕ್ಷಿ ತೋಟಕ್ಕೆ ಬಂದಿರುತ್ತೇವೆ. ಹೋಗುವಾಗ ಆಲ್ಪ್ ಗ್ರ್ಯೂಮ್‌ವರೆಗೆ ಬಲಗಡೆಯ ಸೀಟು, ಲೆ ಪ್ರೆಸೆಯ ಬಳಿ ಸರೋವರ ಕಾಣಲು ಎಡಗಡೆಯ ಸೀಟು ಹಿಡಿಯಿರಿ. ತಿರಾನೊ ಇಟಲಿಯಲ್ಲಿದೆ, ಆದ್ದರಿಂದ ಪಾಸ್‌ಪೋರ್ಟ್ ಜೊತೆಗಿರಲಿ.

ಆಲ್ಪ್ಸ್ ಪರ್ವತವನ್ನು ಉತ್ತರದಿಂದ ದಕ್ಷಿಣಕ್ಕೆ ದಾಟುವ ಗಾಟ್‌ಹಾರ್ಡ್ ರೈಲು ಹಾದಿಯಲ್ಲಿಯೂ ಇದೇ ಮಾತು. 2016ರಲ್ಲಿ ತೆರೆದ 57 ಕಿಲೋಮೀಟರ್ ಉದ್ದದ ಸುರಂಗ ಅದ್ಭುತವಾದ ಕೆಲಸವೇ ಸರಿ, ಆದರೆ ಒಳಗೆ ಕತ್ತಲಷ್ಟೇ ಕಾಣುತ್ತದೆ. ಸಮಯವಿದ್ದವರು 1882ರ ಹಳೆಯ ಬೆಟ್ಟದ ಹಾದಿಯ ರೈಲು ಹಿಡಿಯಬೇಕು. ಉತ್ತರದಿಂದ ಏರುವಾಗ ವಾಸ್ಸೆನ್ ಹಳ್ಳಿಯ ಚಿಕ್ಕ ಚರ್ಚು ಮೊದಲು ತಲೆಯ ಮೇಲೆ, ಆಮೇಲೆ ಎದುರಿಗೆ, ಕೊನೆಗೆ ಕಾಲ ಕೆಳಗೆ, ಹೀಗೆ ಮೂರು ಬಾರಿ ಕಾಣಿಸುತ್ತದೆ. ಬೆಟ್ಟದೊಳಗೆ ರೈಲು ಎಷ್ಟು ಸುತ್ತು ಹಾಕಿದೆ ಎಂಬುದು ಮಕ್ಕಳಿಗೂ ಆಗ ತಿಳಿಯುತ್ತದೆ.

ಅಂಚೆ ಬಸ್ಸಿನ ಬಗ್ಗೆ ಬರೆಯದೆ ಈ ಸೇವೆಯ ವಿಮರ್ಶೆ ಪೂರ್ತಿಯಾಗದು. ಹಿಂದೆ ಕುದುರೆ ಗಾಡಿಯಲ್ಲಿ ಪತ್ರಗಳ ಜೊತೆ ಜನರನ್ನೂ ಸಾಗಿಸುತ್ತಿದ್ದ ಅಂಚೆ ವ್ಯವಸ್ಥೆಯೇ 1906ರಿಂದ ಮೋಟಾರು ಬಸ್ಸು ಓಡಿಸುತ್ತಿದೆ. ಬೆಟ್ಟದ ಕುರುಡು ತಿರುವುಗಳಲ್ಲಿ ಚಾಲಕರು ಬಾರಿಸುವ ಮೂರು ಸ್ವರದ ಹಾರ್ನ್ ರೊಸ್ಸೀನಿಯ 'ವಿಲಿಯಂ ಟೆಲ್' ಒಪೆರಾದ ಆರಂಭ ಸಂಗೀತದಿಂದ ಬಂದದ್ದು. ಕಣಿವೆಯ ಆ ಬದಿಯಿಂದ ಅದು ಕೇಳಿದಾಗ ಬಸ್ಸು ಎಷ್ಟು ದೂರದಲ್ಲಿದೆ ಎಂದು ಹಳ್ಳಿಯವರು ಅಂದಾಜು ಮಾಡುತ್ತಾರೆ. ಇದನ್ನು ಅನುಭವಿಸಲು ರೈಖೆನ್‌ಬಾಖ್ ನಿಲ್ದಾಣದಿಂದ ಕೀನ್‌ಟಾಲ್ ಕಣಿವೆಯ ಮೂಲಕ ಗ್ರೀಸಾಲ್ಪ್‌ಗೆ ಹೋಗಿ. ಕೆಲವು ಕಡೆ ಶೇಕಡಾ 28ರಷ್ಟು ಏರಿರುವ ಆ ರಸ್ತೆ ಯುರೋಪಿನ ಅಂಚೆ ಬಸ್ಸು ಓಡುವ ರಸ್ತೆಗಳಲ್ಲೇ ಅತ್ಯಂತ ಕಡಿದಾದದ್ದು. ಆಗುಂಬೆ ಘಾಟಿಯಲ್ಲಿ ಬಸ್ಸು ತಿರುವು ತೆಗೆದುಕೊಳ್ಳುವಾಗ ಉಸಿರು ಬಿಗಿಹಿಡಿದವರಿಗೆ ಈ ಅನುಭವದ ರುಚಿ ಗೊತ್ತಿದೆ. ಬಸ್ಸು ಓಡುವುದು ಬೇಸಿಗೆಯ ತಿಂಗಳುಗಳಲ್ಲಿ ಮಾತ್ರ. ಬಸ್ಸಿನಿಂದಿಳಿದ ಕಡೆಯಲ್ಲೆಲ್ಲ ಹಳದಿ ಫಲಕಗಳು ಕಾಲುದಾರಿ ತೋರಿಸುತ್ತವೆ. ಅವುಗಳಲ್ಲಿ ದೂರದ ಬದಲು ನಡೆಯಲು ಬೇಕಾಗುವ ಸಮಯ ಬರೆದಿರುತ್ತದೆ. ಬರೀ ಹಳದಿ ಗುರುತಿನ ದಾರಿಯಲ್ಲಿ ವಯಸ್ಸಾದವರೂ ನಡೆಯಬಹುದು. ಬಿಳಿ-ಕೆಂಪು-ಬಿಳಿ ಪಟ್ಟೆಯಿದ್ದರೆ ಗಟ್ಟಿ ಬೂಟು ಬೇಕು. ಬಿಳಿ-ನೀಲಿ-ಬಿಳಿ ಪಟ್ಟೆಯ ದಾರಿ ಪರ್ವತಾರೋಹಣ ಬಲ್ಲವರಿಗೆ ಮೀಸಲು. ಈ ಬಣ್ಣಗಳನ್ನು ಹಗುರವಾಗಿ ಕಾಣಬಾರದು.

ಲೌಟರ್‌ಬ್ರುನ್ನನ್ ಕಣಿವೆಯನ್ನು ಎಲ್ಲರೂ ನೋಡಿಯೇ ನೋಡುತ್ತಾರೆ, ನೋಡಲೂಬೇಕು. ಅಲ್ಲಿನ ಸ್ಟೌಬ್‌ಬಾಖ್ ಜಲಪಾತ 297 ಮೀಟರ್. ಜೋಗದ 253 ಮೀಟರಿಗಿಂತ ಎತ್ತರ ಹೆಚ್ಚು, ಆದರೆ ಶರಾವತಿಯ ಆರ್ಭಟ ಅಲ್ಲಿಲ್ಲ. ನೀರು ಬೀಳುತ್ತ ಬೀಳುತ್ತ ಗಾಳಿಗೆ ಸಿಕ್ಕಿ ಹುಡಿಯಾಗುತ್ತದೆ, ಹೆಸರಿನ ಅರ್ಥವೂ ಧೂಳಿನ ತೊರೆ ಎಂದೇ. ಆರ್ಭಟ ಕೇಳಬೇಕಾದವರು ಅದೇ ಕಣಿವೆಯಲ್ಲಿ ಬೆಟ್ಟದ ಹೊಟ್ಟೆಯೊಳಗೆ ಧುಮುಕುವ ಟ್ರ್ಯುಮ್ಮೆಲ್‌ಬಾಖ್‌ಗೆ ಹೋಗಬೇಕು. 3454 ಮೀಟರ್ ಎತ್ತರದ ಯುಂಗ್‌ಫ್ರೌಯೋಖ್‌ಗೆ 1912ರಲ್ಲೇ ಸುರಂಗ ಕೊರೆದು ಹಳಿ ಮುಟ್ಟಿಸಿದವರ ಸಾಹಸಕ್ಕೆ ನಾನು ತಲೆಬಾಗುತ್ತೇನೆ. ಆದರೂ ರಿಯಾಯಿತಿಯಿಲ್ಲದೆ ಇಂಟರ್‌ಲಾಕೆನ್‌ನಿಂದ ಹೋಗಿಬರಲು ಬೇಸಿಗೆಯಲ್ಲಿ 200 ಫ್ರಾಂಕ್‌ಗೂ ಹೆಚ್ಚು ಬೇಕು, ಮೋಡ ಕವಿದರೆ ಬಿಳಿ ಗೋಡೆಯ ಹೊರತು ಏನೂ ಕಾಣದು. ಬೆಳಿಗ್ಗೆ ಎದ್ದ ಕೂಡಲೇ ಶಿಖರದ ವೆಬ್‌ಕ್ಯಾಮ್ ನೋಡಿ, ಆಕಾಶ ತಿಳಿಯಾಗಿದ್ದರೆ ಮಾತ್ರ ಟಿಕೆಟ್ ಕೊಳ್ಳಿ. ಮೂರು ಸಾವಿರ ಮೀಟರ್ ದಾಟಿದ ಒಂದು ನಿಲ್ದಾಣದಲ್ಲಿ ನನ್ನ ಅಮ್ಮನಿಗೆ ತಲೆಸುತ್ತು ಬಂದು ಹತ್ತೇ ನಿಮಿಷಕ್ಕೆ ಕೆಳಗಿಳಿಯಬೇಕಾಯಿತು. ವಯಸ್ಸಾದವರನ್ನು ಕರೆತರುವವರು ಮೊದಲ ದಿನವೇ ಅಷ್ಟು ಎತ್ತರಕ್ಕೆ ಹೋಗಬಾರದು ಎಂಬುದನ್ನು ಅಂದು ಕಲಿತೆ.

ಸೇವೆಯಲ್ಲಿ ಕೊರತೆಗಳಿಲ್ಲವೆಂದಲ್ಲ. ಅರ್ಧ ದರವಾದ ಮೇಲೂ ಟಿಕೆಟ್ ದುಬಾರಿಯೇ. ನವೆಂಬರ್‌ನಲ್ಲಿ ಹಲವು ಕೇಬಲ್ ಕಾರುಗಳು ದುರಸ್ತಿಗೆಂದು ವಾರಗಟ್ಟಲೆ ನಿಲ್ಲುತ್ತವೆ. ಸಣ್ಣ ಕಣಿವೆಗಳಲ್ಲಿ ಸಂಜೆಯ ಬಸ್ಸು ಬೇಗ ಮುಗಿಯುತ್ತದೆ. ಮರಳುವ ಸಮಯ ನೋಡಿಕೊಳ್ಳದೆ ನಡೆದ ಒಂದು ದಿನ, ಮಕ್ಕಳನ್ನು ಕರೆದುಕೊಂಡು ಕತ್ತಲಲ್ಲಿ ಎರಡು ಗಂಟೆ ರಸ್ತೆಯಲ್ಲೇ ಇಳಿದು ಬಂದಿದ್ದೇನೆ. ಅಂದಿನಿಂದ ಮನೆ ಬಿಡುವ ಮುನ್ನವೇ ಕೊನೆಯ ಬಸ್ಸಿನ ಸಮಯ ಬರೆದಿಟ್ಟುಕೊಳ್ಳುತ್ತೇನೆ. ಭಾನುವಾರ ಊರಿನ ಅಂಗಡಿಗಳು ಮುಚ್ಚಿರುತ್ತವೆ, ದೊಡ್ಡ ನಿಲ್ದಾಣಗಳ ಅಂಗಡಿಗಳು ಮಾತ್ರ ತೆರೆದಿರುತ್ತವೆ. ಸಸ್ಯಾಹಾರಿಗಳು ಚಿತ್ರಾನ್ನವನ್ನೋ ಚಪಾತಿಯನ್ನೋ ಡಬ್ಬಿಗೆ ತುಂಬಿಕೊಂಡು ಹೊರಡಲಿ, ರೈಲಿನಲ್ಲಿ ತಿನ್ನಲು ಯಾರ ಅಡ್ಡಿಯೂ ಇಲ್ಲ. ನೀರಿನ ಬಾಟಲಿ ಕೊಳ್ಳುವ ಅಗತ್ಯವಿಲ್ಲ, ಕುಡಿಯಬಾರದೆಂಬ ಫಲಕವಿಲ್ಲದ ಕಾರಂಜಿಗಳ ನೀರು ಶುದ್ಧವಾದದ್ದು.

ಇನ್ನು ಯಾರಿಗೆ ಯಾವ ಟಿಕೆಟ್? ಒಂದು ವಾರಕ್ಕೆ ಬಂದು ದಿನಾ ಸುತ್ತುವವರಿಗೆ, ನಿಗದಿತ ದಿನಗಳವರೆಗೆ ಈ ಸೇವೆಗಳಲ್ಲಿ ಎಷ್ಟು ಬೇಕಾದರೂ ಓಡಾಡಲು ಬಿಡುವ ಸ್ವಿಸ್ ಟ್ರಾವೆಲ್ ಪಾಸ್ ಅನುಕೂಲ. ನೆಂಟರ ಮನೆಯಲ್ಲಿ ತಿಂಗಳಿದ್ದು ವಾರಕ್ಕೆರಡು ದಿನ ಹೊರಡುವವರಿಗೆ ಪ್ರವಾಸಿಗರ ಒಂದು ತಿಂಗಳ ಅರ್ಧ ದರದ ಕಾರ್ಡ್ ಸಾಕು. ಇಲ್ಲಿ ನೆಲೆಸಿರುವವರಲ್ಲೂ ಅನೇಕರು ಬಳಸದ ಒಂದು ಸೌಲಭ್ಯವಿದೆ. ಗ್ರಾಮಸಭೆ ಅಥವಾ ಪುರಸಭೆಯ ಕಚೇರಿಯ ಕೌಂಟರಿನಲ್ಲಿ ದಿನದ ಪಾಸ್ ಮಾರುತ್ತಾರೆ. ಅರ್ಧ ದರದ ಕಾರ್ಡ್ ಇದ್ದವರು ಹತ್ತು ದಿನ ಮುಂಚಿತವಾಗಿ ಕೊಂಡರೆ ಎರಡನೇ ದರ್ಜೆಗೆ 39 ಫ್ರಾಂಕ್, ಕಾರ್ಡ್ ಇಲ್ಲದವರಿಗೆ 52 ಫ್ರಾಂಕ್. ಬರ್ನ್‌ನಿಂದ ತಿರಾನೊಗೆ ಹೋಗಿಬರುವಂತಹ ಉದ್ದದ ದಿನಕ್ಕೆ ಇದು ಹೇಳಿ ಮಾಡಿಸಿದಂತಿದೆ. ಸಂಖ್ಯೆ ಸೀಮಿತವಾಗಿರುವುದರಿಂದ ತಡ ಮಾಡಬೇಡಿ.

ನನ್ನ ಅಪ್ಪ ಅಮ್ಮ ಬಂದಾಗ ಮೊದಲ ದಿನ ಲುಸರ್ನ್‌ಗೆ ಕರೆದೊಯ್ಯುತ್ತೇನೆ. ಅಲ್ಲಿನ ಸರೋವರದಲ್ಲಿ ಇಂದಿಗೂ ಐದು ಹಬೆ ಹಡಗುಗಳಿವೆ, ಅವುಗಳಲ್ಲಿ ಹಳೆಯದಾದ 'ಊರಿ' 1901ರದು. ನಡುವಿನ ಕಟಕಟೆಯ ಬಳಿ ನಿಂತರೆ ಉಗಿಯ ಯಂತ್ರ ತಿರುಗುವುದನ್ನು ನೇರವಾಗಿ ನೋಡಬಹುದು. ಒಂದು ಗಂಟೆಯ ಪ್ರಯಾಣದ ಬಳಿಕ ವಿಟ್ಸ್‌ನೌ ಎಂಬ ಊರು ಬರುತ್ತದೆ. ಹಡಗುಕಟ್ಟೆಯ ಪಕ್ಕದಲ್ಲೇ ಯುರೋಪಿನ ಮೊದಲ ಬೆಟ್ಟದ ರೈಲು ಕಾದಿರುತ್ತದೆ, 1871ರಿಂದ ಅದು ರೀಗಿಯ ಬೆಟ್ಟ ಹತ್ತುತ್ತಿದೆ. ತುದಿ 1798 ಮೀಟರ್ ಮಾತ್ರ, ಅಮ್ಮನಿಗೆ ತಲೆ ಸುತ್ತುವುದಿಲ್ಲ. ಶರತ್ಕಾಲದಲ್ಲಿ ಕೆಳಗಿನ ಊರುಗಳೆಲ್ಲ ಮಂಜಿನಲ್ಲಿ ಮುಳುಗಿ ಬೆಳ್ಳಗೆ ಸಮುದ್ರದಂತೆ ಹರಡಿರುವಾಗ ಅಲ್ಲಿ ಬಿಸಿಲಿರುತ್ತದೆ, ಬೆಂಚಿನ ಮೇಲೆ ಕುಳಿತು ಫ್ಲಾಸ್ಕಿನ ಕಾಫಿ ಕುಡಿಯಬಹುದು.