ಹಳೆಯ ಸ್ವೀಡಿಷ್ ನೋಟು ಕೊಳ್ಳಲು ಮೂರು ದಾರಿ: ಆನ್‌ಲೈನ್ ಮಾರಾಟ, ಹರಾಜು, ಅಂಗಡಿ

ಸ್ವೀಡನ್ನಿನ ಹಳೆಯ ನೋಟುಗಳನ್ನು ಕೊಳ್ಳಲು ನಾನು ಮೂರು ದಾರಿಗಳನ್ನು ಹಿಡಿದು ನೋಡಿದ್ದೇನೆ: ಜನರು ತಮ್ಮತಮ್ಮಲ್ಲೇ ಮಾರಿಕೊಳ್ಳುವ ಆನ್‌ಲೈನ್ ತಾಣ, ನಾಣ್ಯ ಮತ್ತು ನೋಟುಗಳ ಹರಾಜು, ಸ್ಟಾಕ್‌ಹೋಮಿನ ಒಂದು ಪುಟ್ಟ ನಾಣ್ಯದಂಗಡಿ. ಇವುಗಳಲ್ಲಿ ಅಂಗಡಿಯೇ ನನಗೆ ಒಗ್ಗಿತು ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದೆ ಬರೆದಿರುವುದೆಲ್ಲ ಆ ಒಲವಿನಿಂದಲೇ ಬರೆದದ್ದು, ಆ ಒಲವು ಹುಟ್ಟಿದ್ದು ಕೈ ಸುಟ್ಟುಕೊಂಡ ಒಂದು ಖರೀದಿಯಿಂದ.

ನನ್ನ ಸಂಗ್ರಹ ದೊಡ್ಡದೇನಲ್ಲ. ಸ್ಟಾಕ್‌ಹೋಮ್ಸ್ ಬ್ಯಾಂಕೋ 1661ರಿಂದ ಹೊರಡಿಸಿದ, ಯುರೋಪಿನ ಮೊದಲ ನೋಟುಗಳೆಂದು ಹೆಸರಾದ ಕಾಗದಗಳು ನನ್ನ ಸಂಬಳಕ್ಕೆ ಎಟುಕುವಂಥವಲ್ಲ. 1940ರಿಂದ 1952ರವರೆಗೆ ಅಚ್ಚಾದ, ಗುಸ್ತಾವ್ ವಾಸಾ ದೊರೆಯ ಚಿತ್ರವಿರುವ ಹತ್ತು ಕ್ರೋನಾ (ಸ್ವೀಡನ್ನಿನ ಹಣ) ನೋಟು, ಅದರ ಜೊತೆಗೆ ಸ್ವೀಡನ್ನಿನ ಸಂಕೇತವಾದ ಮಾತೆ ಸ್ವೆಯಾ ಕುಳಿತಿರುವ ಹಳೆಯ ಐದು ಕ್ರೋನಾ, ಇಷ್ಟೇ ನನ್ನ ಲೋಕ. ಈ ನೋಟುಗಳ ಮೇಲೆ ವರ್ಷವನ್ನೂ ಅಚ್ಚು ಹಾಕಿರುವುದರಿಂದ ವರ್ಷಕ್ಕೊಂದರಂತೆ ಕೂಡಿಸುವುದು ಇಲ್ಲಿನ ಅನೇಕ ಸಂಗ್ರಾಹಕರ ರೂಢಿ, ನಾನೂ ಅದನ್ನೇ ಹಿಡಿದಿದ್ದೇನೆ. ಇದಕ್ಕೆಂದು ನಾನು ತೆಗೆದಿಡುವುದು ತಿಂಗಳಿಗೆ 500 ಕ್ರೋನಾ. ನೋಟು ಮುದ್ರಿಸುವ ಮೈಸೂರಿನಲ್ಲಿ ಬೆಳೆದವನು, ಬಂದು ನೆಲೆಸಿದ್ದು ಟುಂಬಾ ಎಂಬಲ್ಲಿ. ಸ್ವೀಡನ್ನಿನ ಕೇಂದ್ರ ಬ್ಯಾಂಕಾದ ರಿಕ್ಸ್‌ಬ್ಯಾಂಕ್ ತನ್ನ ನೋಟಿನ ಕಾಗದಕ್ಕಾಗಿ 1755ರಲ್ಲಿ ಕಾರ್ಖಾನೆ ಕಟ್ಟಿದ್ದು ಇದೇ ಊರಿನಲ್ಲಿ. ಊರಿನ ಹೆಸರು ಹೇಳಿದಾಗಲೆಲ್ಲ ಅಮ್ಮ ಫೋನಿನಲ್ಲಿ "ತುಂಬಾ ಏನು?" ಎಂದು ಕೇಳುತ್ತಾರೆ.

ಆನ್‌ಲೈನ್ ತಾಣದಲ್ಲಿ ನನ್ನ ಮೊದಲ ಖರೀದಿ 1943ರ ಹತ್ತು ಕ್ರೋನಾ. ಚಿತ್ರದಲ್ಲಿ ನೋಟು ಬೆಳ್ಳಗೆ, ಒಂದು ಸುಕ್ಕೂ ಇಲ್ಲದೆ ಮಲಗಿತ್ತು. ವಿವರಣೆಯಲ್ಲಿ ಮಾರುವವರು ಬರೆದದ್ದು ಎರಡೇ ಗುರುತು: "1+". ಒಂದು ಎಂದರೆ ಮೊದಲ ದರ್ಜೆ, ಅದರ ಮೇಲೊಂದು ಪ್ಲಸ್ ಎಂದರೆ ಅದಕ್ಕೂ ಮೇಲಿನದು ಎಂದು ಪರೀಕ್ಷೆಯ ಅಂಕಪಟ್ಟಿ ನೋಡಿ ಬೆಳೆದ ನನ್ನ ತಲೆ ತಾನಾಗಿಯೇ ಲೆಕ್ಕ ಹಾಕಿತು. 340 ಕ್ರೋನಾ ಕೊಟ್ಟೆ.

ಸ್ವೀಡಿಷ್ ಗುಣಮಟ್ಟದ ಅಳತೆಯಲ್ಲಿ ಶಿಖರವೆಂದರೆ ಸೊನ್ನೆ. ಬ್ಯಾಂಕಿನಿಂದ ಹೊರಬಿದ್ದು ಯಾರ ಕೈಗೂ ಚಲಾವಣೆಗೆ ಹೋಗದ ನೋಟು 0. ಅದರ ಕೆಳಗೆ 01, ಅದರ ಕೆಳಗೆ 1+, ಆಮೇಲೆ 1, ಆಮೇಲೆ 1?, ಕೊನೆಗೆ 2. ಎಂದರೆ ನಾನು ಶಿಖರಕ್ಕಿಂತ ಎತ್ತರವೆಂದು ತಿಳಿದ 1+ ಮೂರನೆಯ ಮೆಟ್ಟಿಲು, ಹಲವು ಬಾರಿ ಮಡಿಸಿ ಜೇಬಿನಲ್ಲಿ ಓಡಾಡಿದ ನೋಟು. ಕೇವಲ 1 ಎಂದರೆ ಚೆನ್ನಾಗಿಯೇ ಸವೆದದ್ದು. ಇನ್ನು ಆ "1?" ಎಂಬುದನ್ನು ಕಂಡರೆ ಮಾರುವವರಿಗೇ ಅನುಮಾನವಿದೆ ಎನಿಸುತ್ತದೆ, ಆದರೆ ಪ್ರಶ್ನಾರ್ಥಕ ಚಿಹ್ನೆ ಅಲ್ಲಿ ಅನುಮಾನವಲ್ಲ, ದರ್ಜೆಯ ಹೆಸರಿನದೇ ಭಾಗ. ಇದನ್ನೆಲ್ಲ ನಾನು ಕೊಂಡ ಮೇಲೆ ಕಲಿತೆ. ಒಂದೇ ವರ್ಷದ ಒಂದೇ ನೋಟು 1ರಲ್ಲಿ ಒಂದು ಕಾಫಿಯ ಬೆಲೆಗೆ, 0ಯಲ್ಲಿ ಇಬ್ಬರ ಊಟದ ಬೆಲೆಗೆ ಹೋಗುವ ಈ ಹವ್ಯಾಸದಲ್ಲಿ ಅಳತೆಯ ಅರ್ಥ ತಿಳಿಯದೆ ಹಣ ಕಟ್ಟಿದ್ದು ನನ್ನದೇ ತಪ್ಪು, ಅದನ್ನು ಒಪ್ಪುತ್ತೇನೆ.

ಆದರೆ ಆ ನೋಟು 1+ ಕೂಡ ಆಗಿರಲಿಲ್ಲ. ಲಕೋಟೆಯಿಂದ ತೆಗೆದಾಗಲೇ ಏನೋ ಸರಿಯಿಲ್ಲ ಎನಿಸಿತು: ನೋಡಲು ನೆಟ್ಟಗಿದ್ದರೂ ಕೈಯಲ್ಲಿ ಹಿಡಿದರೆ ಗರಿಗರಿ ಇಲ್ಲ, ಒಗೆದ ಕರವಸ್ತ್ರದಂತೆ ಜೋತುಬೀಳುತ್ತಿತ್ತು. ಅದನ್ನು ಹಿಡಿದುಕೊಂಡು ಮೊದಲ ಬಾರಿ ಆ ನಾಣ್ಯದಂಗಡಿಗೆ ಹೋದೆ. ಅಂಗಡಿಯ ಯಜಮಾನರು ವಯಸ್ಸಾದವರು. ಏನನ್ನೂ ಕೇಳದೆ ಮೇಜಿನ ದೀಪವನ್ನು ಬಗ್ಗಿಸಿ, ಬೆಳಕು ನೋಟಿನ ಮೇಲೆ ಅಡ್ಡಡ್ಡವಾಗಿ ಬೀಳುವಂತೆ ಹಿಡಿದರು. ನೇರ ಬೆಳಕಿನಲ್ಲಿ ಕಾಣದ ಮೂರು ನಿಲುವು ಮಡಿಕೆಗಳೂ ಒಂದು ಅಡ್ಡ ಮಡಿಕೆಯೂ ಒಣಗಿದ ಕಾಲುವೆಗಳಂತೆ ಎದ್ದು ಕಂಡವು. ಆಮೇಲೆ ನೋಟನ್ನು ತಿರುಗಿಸಿ, ಕ್ರಮಸಂಖ್ಯೆಯ ಹಿಂಬದಿಯನ್ನು ನನ್ನ ಬೆರಳಿನಿಂದಲೇ ಸವರಿಸಿದರು. ಅಚ್ಚಿನ ಒತ್ತಡಕ್ಕೆ ಅಲ್ಲಿ ಅಂಕೆಗಳು ಸ್ವಲ್ಪ ಉಬ್ಬಿರಬೇಕು. ನನ್ನ ನೋಟಿನಲ್ಲಿ ಕಾಗದ ನುಣ್ಣಗಿತ್ತು. ಕೊನೆಗೆ ನೇರಳಾತೀತ ದೀಪ ಹಚ್ಚಿದರು. ಹಳೆಯ ಚಿಂದಿಬಟ್ಟೆಯ ಕಾಗದ ಆ ಬೆಳಕಿನಲ್ಲಿ ಮಂಕಾಗಿಯೇ ಉಳಿಯಬೇಕು, ಆದರೆ ಇದು ನೀಲಿಯಾಗಿ ಹೊಳೆಯಿತು. ಈ ಕಾಲದ ಬಟ್ಟೆ ಒಗೆಯುವ ಪುಡಿಯಲ್ಲಿ ಬಿಳುಪು ತೋರಿಸಲೆಂದು ಬೆರೆಸುವ ವಸ್ತು ಹಾಗೆ ಹೊಳೆಯುತ್ತದೆಯಂತೆ. ಯಾರೋ ನೋಟನ್ನು ಒಗೆದು ಇಸ್ತ್ರಿ ಮಾಡಿದ್ದರು. ನಾನು 340 ಕೊಟ್ಟದ್ದಕ್ಕೆ ಅವರು ಕಟ್ಟಿದ ಬೆಲೆ 60. ಮಾರಿದವರಿಗೆ ಬರೆದಾಗ, ಅದು ತಾತನ ಆಲ್ಬಮ್ಮಿನಿಂದ ಬಂದದ್ದು, ತಮಗೇನೂ ಗೊತ್ತಿಲ್ಲ ಎಂಬ ಉತ್ತರ ಬಂತು. ಅದು ನಿಜವೂ ಇರಬಹುದು, ಹಣವಂತೂ ಹಿಂದಿರುಗಲಿಲ್ಲ.

ಆನ್‌ಲೈನ್ ಮಾರಾಟದ ಪರವಾಗಿ ಹೇಳಲು ಒಂದು ಸಂಗತಿ ಇದೆ. ಮುಂದೊಮ್ಮೆ ಅಲ್ಲಿಯೇ ಕೊಂಡ ಐದು ಕ್ರೋನಾ ನೋಟುಗಳ ಒಂದು ಕಟ್ಟಿನಲ್ಲಿ (1965ರಿಂದ 1981ರವರೆಗಿನ ಮಾದರಿ) ಒಂದರ ಕ್ರಮಸಂಖ್ಯೆಯ ಕೊನೆಗೆ ನಕ್ಷತ್ರ ಚಿಹ್ನೆ ಸಿಕ್ಕಿತು. ಮುದ್ರಣದಲ್ಲಿ ಕೆಟ್ಟ ನೋಟಿನ ಬದಲಿಗೆ ಸೇರಿಸುವ ನೋಟು ಅದು, ಸಂಗ್ರಾಹಕರಿಗೆ ಅದರ ಮೇಲೆ ಕಣ್ಣು. ಅಂಗಡಿಯವರಾಗಲಿ ಹರಾಜಿನವರಾಗಲಿ ಅಂಥದ್ದನ್ನು ಎಂದೂ ಗಮನಿಸದೆ ಬಿಡುವುದಿಲ್ಲ. ಮನೆ ಖಾಲಿ ಮಾಡುವವರು ಬಿಡುತ್ತಾರೆ.

ಹರಾಜಿನವರು ನೋಟಿನ ಎರಡೂ ಬದಿಯ ದೊಡ್ಡ ಚಿತ್ರ ಹಾಕುತ್ತಾರೆ; ಒಗೆದದ್ದು, ಇಸ್ತ್ರಿಯಾದದ್ದು, ಪಿನ್ ತೂತು ಇದ್ದದ್ದು ಎಲ್ಲವನ್ನೂ ಬರೆಯುತ್ತಾರೆ. ಗುಣಮಟ್ಟದ ಮಟ್ಟಿಗೆ ನನಗೆ ಅಲ್ಲಿ ಒಮ್ಮೆಯೂ ಮೋಸವಾಗಿಲ್ಲ. ತೊಂದರೆ ಲೆಕ್ಕದಲ್ಲಿ. ನಾನು ಭಾಗವಹಿಸಿದ ಹರಾಜಿನಲ್ಲಿ ಕೂಗಿದ ಬೆಲೆಯ ಮೇಲೆ ಶೇಕಡಾ 20 ಶುಲ್ಕ, ಅದರ ಮೇಲೆ ಅಂಚೆ. 300ಕ್ಕೆ ಗೆದ್ದ ನೋಟು ಮನೆ ಸೇರುವಾಗ 420 ದಾಟಿತ್ತು. ನನ್ನಂಥವರ ಅಗ್ಗದ ನೋಟುಗಳನ್ನು ಬಿಡಿಯಾಗಿ ಮಾರುವುದೂ ಕಡಿಮೆ, ಒಂದು ಬೇಕಾದರೆ ಮೂವತ್ತರ ಕಟ್ಟನ್ನು ಹೊರಬೇಕು. ಮಕ್ಕಳು ಮಲಗಿದ ಮೇಲೆ ಪರದೆಯ ಮುಂದೆ ಕುಳಿತು, ಇನ್ನು ಹತ್ತು ಹೆಚ್ಚಿಸಿದರೆ ಸಾಕು ಎಂದುಕೊಳ್ಳುತ್ತ ಎರಡು ತಿಂಗಳ ಹಣ ಕಳೆದದ್ದು ನನ್ನ ದೌರ್ಬಲ್ಯ. ಅದನ್ನು ಹರಾಜಿನ ತಲೆಗೆ ಕಟ್ಟುವುದಿಲ್ಲ.

ಆದರೂ ಬೆಲೆ ತಿಳಿಯಲು ನಾನು ಇಂದಿಗೂ ಹೋಗುವುದು ಹರಾಜಿನ ಹಳೆಯ ಫಲಿತಾಂಶಗಳ ಬಳಿಗೇ. ಬೆಲೆಪಟ್ಟಿಯ ಪುಸ್ತಕದಲ್ಲಿರುವುದು ವ್ಯಾಪಾರಿ ಕೇಳಬಹುದಾದ ಮೊತ್ತ. ಹರಾಜಿನ ಫಲಿತಾಂಶ ಯಾರೋ ನಿಜವಾಗಿ ಕೊಟ್ಟ ಮೊತ್ತ. ಅದೇ ವರ್ಷ, ಅದೇ ದರ್ಜೆಯ ಕೊನೆಯ ನಾಲ್ಕು ಮಾರಾಟಗಳನ್ನು ನೋಡಿ, ಅತಿ ಹೆಚ್ಚಿನದನ್ನು ಬಿಟ್ಟು, ಉಳಿದುದರ ಸರಾಸರಿಗೆ ಶುಲ್ಕ ಸೇರಿಸಿದರೆ ನನ್ನ ಮಿತಿ ಸಿಗುತ್ತದೆ. ಹಳೆಯದಾದಷ್ಟೂ ಬೆಲೆ ಹೆಚ್ಚು ಎಂಬ ನಂಬಿಕೆಯನ್ನು ಈ ಅಭ್ಯಾಸವೇ ಬಿಡಿಸಿತು. ಐದನೆಯ ಗುಸ್ತಾವ್ ದೊರೆಯ ತೊಂಬತ್ತನೆಯ ಹುಟ್ಟುಹಬ್ಬಕ್ಕೆ 1948ರಲ್ಲಿ ಬಂದ ಐದು ಕ್ರೋನಾ ನೋಟನ್ನು ನೆನಪಿಗೆಂದು ಎತ್ತಿಟ್ಟವರೇ ಹೆಚ್ಚು, ಆದ್ದರಿಂದ ಅದು ಇಂದಿಗೂ ಗರಿಗರಿಯಾಗಿ ಅಗ್ಗಕ್ಕೆ ಸಿಗುತ್ತದೆ. ಇತ್ತೀಚಿನ ನೋಟುಗಳದ್ದು ಇನ್ನೊಂದು ಲೆಕ್ಕ: ಚಲಾವಣೆ ಕಳೆದುಕೊಂಡವನ್ನು ರಿಕ್ಸ್‌ಬ್ಯಾಂಕ್ ಬದಲಿಸಿಕೊಡಬಹುದಾದರೂ ನಾನು ವಿಚಾರಿಸಿದಾಗ ಅದಕ್ಕೆ 200 ಕ್ರೋನಾ ಶುಲ್ಕವಿತ್ತು; 2017ರ ಜೂನ್ ಕೊನೆಗೆ ಅಮಾನ್ಯವಾದ, ಸಸ್ಯವಿಜ್ಞಾನಿ ಲಿನ್ನೆಯಸ್ ಚಿತ್ರದ ನೂರು ಕ್ರೋನಾ ಒಂದೇ ಒಂದಿದ್ದರೆ ಅದನ್ನು ಬದಲಿಸಲು ಹೋದವರಿಗೆ ನಷ್ಟವೇ.

ಅಮೆರಿಕದ ಸಂಸ್ಥೆಗಳು ಎಪ್ಪತ್ತರ ಅಳತೆಯಲ್ಲಿ ಗುಣಮಟ್ಟಕ್ಕೆ ಅಂಕ ಕೊಟ್ಟು ಪ್ಲಾಸ್ಟಿಕ್ಕಿನೊಳಗೆ ಮುಚ್ಚಿ ಕಳಿಸುವ ನೋಟನ್ನೂ ಒಮ್ಮೆ ಕೊಂಡೆ: ಮುಟ್ಟುವಂತಿಲ್ಲ, ಆಲ್ಬಮ್ಮಿಗೂ ಹಿಡಿಸುವುದಿಲ್ಲ.

ಅಂಗಡಿಯ ದೋಷಗಳೂ ಇವೆ. ನನಗೆ ಬಿಡುವಿರುವ ದಿನಗಳಲ್ಲಿ ಅದು ತೆರೆದಿರುವುದು ಶನಿವಾರ ಮಧ್ಯಾಹ್ನದವರೆಗೆ ಮಾತ್ರ. ಬೇಕಾದ ವರ್ಷ ಅಲ್ಲಿ ಇಲ್ಲದಿದ್ದರೆ ಇಲ್ಲ, ತಿಂಗಳುಗಟ್ಟಲೆ ಕಾಯಬೇಕು. ಚೀಟಿಯ ಮೇಲಿನ ಬೆಲೆ ಹರಾಜಿನ ಕೂಗಿಗಿಂತ ಹೆಚ್ಚೇ, ಆದರೆ ಶುಲ್ಕ ಮತ್ತು ಅಂಚೆ ಕೂಡಿಸಿದರೆ ನನ್ನ ಮಟ್ಟದ ನೋಟುಗಳಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ ಆಗುತ್ತವೆ. ಮೂರು ನೋಟು ಒಟ್ಟಿಗೆ ತೆಗೆದುಕೊಂಡರೆ ಯಜಮಾನರು ಚೌಕಾಸಿಗೆ ಮುಂಚೆಯೇ ಬಿಡಿ ಕ್ರೋನಾಗಳನ್ನು ಬಿಟ್ಟುಬಿಡುತ್ತಾರೆ. ಕೊಳ್ಳುವ ಮೊದಲು ನೋಟನ್ನು ಆ ಬಗ್ಗಿಸಿದ ದೀಪದ ಕೆಳಗೆ ಹಿಡಿಯಲು ನನಗೆ ಬಿಡುತ್ತಾರೆ ಎಂಬುದೇ ನನಗೆ ಮುಖ್ಯ. ಊರಿನಿಂದ ತಂದಿದ್ದ ಮೆತ್ತನೆಯ ಪಿವಿಸಿ ಹಾಳೆಗಳು ನೋಟಿಗೆ ಅಂಟಿಕೊಳ್ಳತೊಡಗಿದ್ದನ್ನು ಕಂಡು ಪಾಲಿಯೆಸ್ಟರ್ ಲಕೋಟೆ ಕೊಡಿಸಿದವರೂ ಅವರೇ.

ಗುಸ್ತಾವ್ ವಾಸಾ ಹತ್ತು ಕ್ರೋನಾದಲ್ಲಿ ಈಗ ನನ್ನ ಬಳಿ ಇಲ್ಲದಿರುವುದು 1941 ಒಂದೇ. ಹರಾಜಿನಲ್ಲಿ ಅದು ಮೂವತ್ತರ ಕಟ್ಟಿನೊಳಗೆ ಕಾಣಿಸಿತು, ಆನ್‌ಲೈನಿನಲ್ಲಿ ಬಹಳ ಬೆಳ್ಳಗೆ ಕಾಣಿಸಿತು, ಎರಡನ್ನೂ ಬಿಟ್ಟೆ. ಅಂಗಡಿಯ ಯಜಮಾನರು ಮೇಜಿನ ಡ್ರಾಯರಿನಲ್ಲಿರುವ ನೋಟ್‌ಬುಕ್ಕಿನಲ್ಲಿ ನನ್ನ ಹೆಸರಿನ ಮುಂದೆ "1941, 01" ಎಂದು ಬರೆದಿಟ್ಟುಕೊಂಡಿದ್ದಾರೆ.